ಎಡಗೈಯಲ್ಲಿ ಬರೆದ ಅರ್ಜಿ

೨೦೨೩ರಲ್ಲಿ ನಾನು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಹಿರಿಯ ಎಕ್ಸ್-ರೇ ತಂತ್ರಜ್ಞೆಯಾಗಿದ್ದೆ. ಆಗ ಸರ್ವಿಸು ಇಪ್ಪತ್ತೊಂಬತ್ತು ವರ್ಷ ಆಗಿತ್ತು. ಮೊದಲ ಹದಿನಾರು ವರ್ಷ ಖಾನಾಪುರದಲ್ಲಿ ಕಳೆದವು, ಉಳಿದದ್ದು ಇಲ್ಲಿ. ಆಸ್ಪತ್ರೆಯ ಹೆಸರು ಬೇಡ. ಈ ಕಥೆಯಲ್ಲಿ ತಪ್ಪು ಮಾಡಿದವಳು ನಾನೇ ಹೊರತು ಆಸ್ಪತ್ರೆಯಲ್ಲ. ಮುರಿದ ಕೈ, ಉಳುಕಿದ ಕಾಲು, ಸೀಳು ಬಿಟ್ಟ ಪಕ್ಕೆಲುಬು ಎಷ್ಟು ನೋಡಿದೆನೋ ಲೆಕ್ಕ ಇಟ್ಟಿಲ್ಲ. ನಿವೃತ್ತಿಯಾದ ಮೇಲೂ ಕಣ್ಣ ಮುಂದೆ ಬಂದು ನಿಲ್ಲುವುದು ಮಾತ್ರ ಒಂದೇ ಕೈ. ಅದು ಎಲ್ಲಿಯೂ ಮುರಿದಿರಲಿಲ್ಲ.

ನಮ್ಮ ಕೆಲಸದ ಒಂದು ಪದ್ಧತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ಎಕ್ಸ್-ರೇ ತೆಗೆಯುವಾಗ ಮೂಲೆಯಲ್ಲಿ ಸೀಸದ ಎರಡು ಸಣ್ಣ ಅಕ್ಷರ ಇಡುತ್ತೇವೆ. ಒಂದು ಎಡವೋ ಬಲವೋ ತಿಳಿಯಲಿಕ್ಕೆ, ಇನ್ನೊಂದು ತೆಗೆದವರು ಯಾರೆಂದು ತಿಳಿಯಲಿಕ್ಕೆ. ಸೀಸದೊಳಗಿಂದ ಕಿರಣ ಹಾಯುವುದಿಲ್ಲ, ಹಾಗಾಗಿ ಅಕ್ಷರ ಬೆಳ್ಳಗೆ ಮೂಡುತ್ತದೆ. ನನ್ನ ಹೆಸರು ಶಾರದಾ, ನನ್ನ ಅಕ್ಷರ ಎಸ್. ಈಗಿನ ಡಿಜಿಟಲ್ ಯಂತ್ರದಲ್ಲಿ ಅದರ ಅಗತ್ಯ ಇಲ್ಲ ಎಂದು ಹೊಸ ಹುಡುಗರು ಬಿಟ್ಟುಬಿಟ್ಟಿದ್ದರು. ನಾನು ಬಿಟ್ಟಿರಲಿಲ್ಲ. ತೆಗೆದವರ ಹೆಸರಿಲ್ಲದ ಫಿಲ್ಮನ್ನು ಯಾರು ನಂಬಬೇಕು ಎಂದು ಅವರಿಗೆ ಪಾಠವನ್ನೂ ಹೇಳುತ್ತಿದ್ದೆ.

ಮಗಳು ಅಕ್ಷತಾ ಹತ್ತು ವರ್ಷದವಳಿದ್ದಾಗ ಜೂಡೋ ಸೇರಿದಳು. ನಮ್ಮ ಮನೆ ಪೀರನವಾಡಿಯಲ್ಲಿ. ಜೂಡೋ ಹಾಲ್ ಇದ್ದದ್ದು ಕೋಟೆ ದಾಟಿ ಮುಂದೆ. ಬೆಳಿಗ್ಗೆ ಆರಕ್ಕೆ ಅಭ್ಯಾಸ ಶುರುವಾಗುತ್ತಿತ್ತು, ಹಾಗಾಗಿ ನಾನು ಏಳುತ್ತಿದ್ದದ್ದು ನಾಲ್ಕೂವರೆಗೆ. ಯಜಮಾನರಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ, ಅವರ ಪಾಳಿ ಇನ್ನೂ ಬೇಗ. ಅವರು ರಾತ್ರಿಯೇ ಶೇಂಗಾ, ಬದಾಮಿ ನೆನೆ ಹಾಕಿ ಮಲಗುತ್ತಿದ್ದರು, ನಾನು ಸ್ಕೂಟರ್ ಮೇಲೆ ಮಗಳನ್ನು ಒಯ್ಯುತ್ತಿದ್ದೆ. ಏಳು ವರ್ಷ ಹೀಗೆ ನಡೆಯಿತು. ಆ ಏಳು ವರ್ಷ ನಾವು ಒಂದು ಮದುವೆಯಲ್ಲೂ ನೆಮ್ಮದಿಯಾಗಿ ಅಕ್ಷತೆ ಹಾಕಿದ ನೆನಪಿಲ್ಲ. ಎಲ್ಲಿ ಹೋದರೂ ಗಡಿಯಾರ ನೋಡುವುದೇ ಕೆಲಸ.

ಆ ಹಾಲ್‌ನ ಹೊರಗೆ ಬೇವಿನ ಮರಕ್ಕೆ ಕಟ್ಟಿದ ಒಂದು ಕಟ್ಟೆ ಇತ್ತು. ಮಕ್ಕಳು ಒಳಗೆ ಬೀಳುತ್ತ ಏಳುತ್ತ ಇದ್ದಷ್ಟು ಹೊತ್ತು ತಾಯಂದಿರು ಅಲ್ಲಿ ಕೂಡುತ್ತಿದ್ದೆವು. ಬೀರವ್ವ ನನಗೆ ಅಲ್ಲಿ ಸಿಕ್ಕವಳು. ಖಾನಾಪುರದ ಹತ್ತಿರದ ಹಳ್ಳಿಯವಳು, ಕುರಿ ಕಾಯುವ ಮನೆತನ. ಗಂಡ ವರ್ಷದಲ್ಲಿ ಆರೇಳು ತಿಂಗಳು ಕುರಿ ಹಿಂಡಿನ ಜೊತೆ ಊರೂರು ತಿರುಗುವವನು. ಮೊದಲು ಈಕೆಯೂ ಹಿಂದೆ ಹೋಗುತ್ತಿದ್ದಳು, ಆಮೇಲೆ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಕೆಲಸ ಸಿಕ್ಕು ಉಳಿದುಕೊಂಡಳು. ಮಗಳು ರೇಣುಕಾಳನ್ನು ಕರೆದುಕೊಂಡು ಮೊದಲ ಬಸ್ಸಿಗೆ ಬಂದು, ಅಭ್ಯಾಸ ಮುಗಿದ ಕೂಡಲೇ ಓಡುತ್ತಿದ್ದಳು. ನನ್ನ ಥರ್ಮಾಸಿನ ಚಹಾ, ಆಕೆಯ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಆಕೆ ನನಗೆ ಅಕ್ಕಾರ ಅನ್ನುತ್ತಿದ್ದಳು, ರೇಣುಕಾ ಮಾವಶಿ ಅನ್ನುತ್ತಿದ್ದಳು. ನನ್ನ ಅತ್ತೆಯ ಕಾಟ, ಆಕೆಯ ಗಂಡನ ಮುಂಗೋಪ, ಆ ಕಟ್ಟೆಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಅಂಥ ಒಂದು ಮುಂಜಾನೆ ಬೀರವ್ವ ತನ್ನ ಮಗಳ ಹುಟ್ಟಿದ ದಿನದ ಮಾತು ತೆಗೆದಳು. ಶಾಲೆಯಲ್ಲಿ ಜೂನ್ ಒಂದು ಎಂದಿದೆ, ಅದು ಮಾಸ್ತರರು ಬರೆದದ್ದು, ಖರೆ ತಾರೀಖು ಬೇರೆ ಎಂದಳು. ನಾನು ನಕ್ಕೆ. ನಮ್ಮ ಕಡೆ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿದೆ. ನಮ್ಮ ಯಜಮಾನರದ್ದೂ ಅದೇ ತಾರೀಖು. ಶಾಲೆ ಶುರುವಾಗುವ ದಿನಕ್ಕೆ ವಯಸ್ಸು ಹೊಂದಲಿ ಎಂದು ಹಳೆಯ ಮಾಸ್ತರರು ಕಣ್ಣು ಮುಚ್ಚಿ ಬರೆದುಬಿಡುತ್ತಿದ್ದರು. ಆ ಮಾತು ಅಲ್ಲಿಗೇ ಮುಗಿಯಿತು. ಆದರೆ ನನ್ನ ತಲೆಯ ಯಾವುದೋ ಮೂಲೆಯಲ್ಲಿ ಅದು ಉಳಿದಿತ್ತು.

ಅಕ್ಷತಾ, ರೇಣುಕಾ ಇಬ್ಬರೂ ಒಂದೇ ತೂಕದ ವಿಭಾಗಕ್ಕೆ ಬಂದದ್ದು ೨೦೨೨ರಲ್ಲಿ. ಹದಿನೇಳರೊಳಗಿನ ವಿಭಾಗದಲ್ಲಿ ಒಂದು ತೂಕಕ್ಕೆ ಜಿಲ್ಲೆಯಿಂದ ಒಬ್ಬಳೇ ರಾಜ್ಯಮಟ್ಟಕ್ಕೆ ಹೋಗುತ್ತಾಳೆ. ಕಾಗದದ ಪ್ರಕಾರ ರೇಣುಕಾ ನನ್ನ ಮಗಳಿಗಿಂತ ಒಂದು ವರ್ಷ ಚಿಕ್ಕವಳು. ಆ ವರ್ಷ ರೇಣುಕಾ ಗೆದ್ದಳು. ಮರುವರ್ಷ ಅಕ್ಷತಾಳಿಗೆ ಕೊನೆಯ ಅವಕಾಶ. ಆ ಜೂಡೋ ಕೇಂದ್ರದಲ್ಲಿ ತರಬೇತಿ ಹದಿನೇಳರ ತನಕ ಮಾತ್ರ. ಅಷ್ಟರೊಳಗೆ ಮೇಲೆ ಹೋದವರು ಹೋದರು, ಉಳಿದವರು ಕಾಲೇಜಿಗೆ. ಜುಲೈ ತಿಂಗಳ ಆಯ್ಕೆಯ ಪಂದ್ಯದಲ್ಲಿ ರೇಣುಕಾ ನನ್ನ ಮಗಳನ್ನು ಸೊಂಟದ ಮೇಲೆ ಹೊತ್ತು ಮ್ಯಾಟಿಗೆ ಒಗೆದಳು. ಬೆನ್ನು ಪೂರ್ತಿ ನೆಲಕ್ಕೆ ತಾಗಿದರೆ ಅದಕ್ಕೆ ಇಪ್ಪೊನ್ ಅನ್ನುತ್ತಾರೆ, ಆಟ ಅಲ್ಲಿಗೇ ಮುಗಿಯಿತು. ಏಳು ವರ್ಷ ಮುಗಿಯಲು ನಲವತ್ತು ಸೆಕೆಂಡೂ ಹಿಡಿಯಲಿಲ್ಲ.

ಅಕ್ಷತಾ ಎದ್ದು, ಬಗ್ಗಿ ನಮಸ್ಕಾರ ಮಾಡಿ, ರೇಣುಕಾಳ ಬೆನ್ನು ತಟ್ಟಿ ಹೊರಬಂದಳು. ಅತ್ತದ್ದು ನಾನು. ಬೀರವ್ವ ಪಕ್ಕಕ್ಕೆ ಬಂದು ನನ್ನ ಕೈ ಹಿಡಿದು ಸಮಾಧಾನ ಹೇಳಿದಳು.

“ಬಿಡ್ರಿ ಅಕ್ಕಾರ. ಇನ್ನ ನಿಮಗ ಮುಂಜಾನೆ ಚೊಲೋ ನಿದ್ದಿ ಆಗತೈತಿ.”

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು ಎಂದು ಇವತ್ತು ಬರೆಯಬಲ್ಲೆ. ಅವತ್ತು ಆ ಮಾತು ಸೆರಗಿನಲ್ಲಿ ಕಟ್ಟಿಕೊಂಡ ಕೆಂಡವಾಯಿತು. ಗೆದ್ದವಳ ತಾಯಿ ಸೋತವಳ ತಾಯಿಗೆ ಮಲಗಿಕೋ ಅಂದಳು ಎಂದೇ ನಾನು ತಿಳಿದೆ.

ಮನೆಯಲ್ಲಿ ಉಳಿದಿಬ್ಬರು ಬಹಳ ಬೇಗ ಹೊಂದಿಕೊಂಡರು. ಮಗಳು ಕಾಲೇಜು ಸೇರಿ ಏಳು ಗಂಟೆಯ ತನಕ ಮಲಗತೊಡಗಿದಳು. ಉದ್ದ ಕೂದಲು ಬಿಟ್ಟಳು. ಯಜಮಾನರು ಮಾಳಿಗೆಯ ಮೇಲೆ ಆಕೆ ಅಭ್ಯಾಸ ಮಾಡುತ್ತಿದ್ದ ಹಳೆಯ ಮ್ಯಾಟು ಸುತ್ತಿಟ್ಟು ಅಲ್ಲಿ ಕುಂಡಗಳನ್ನು ಜೋಡಿಸಿ ಟೊಮೆಟೊ ಹಾಕಿದರು. ಒಂದು ದಿನ ಮೇಲೆ ಹೋಗಿ ನೋಡುತ್ತೇನೆ, ಗಿಡಗಳನ್ನು ಕೋಲಿಗೆ ಕಟ್ಟಲು ಮಗಳ ಜೂಡೋ ಬೆಲ್ಟುಗಳನ್ನು ಬಳಸಿದ್ದಾರೆ. ಹಳದಿ, ಕಿತ್ತಳೆ, ಹಸಿರು, ಒಂದೊಂದು ಬಣ್ಣಕ್ಕೆ ನಾವು ಒಂದೊಂದು ವರ್ಷ ಕಾದಿದ್ದೆವು. ನಾನು ಬೈದ ಬೈಗುಳ ಕೆಳಗಿನ ಮನೆಯವರಿಗೂ ಕೇಳಿಸಿರಬೇಕು. ಅವರು ತಣ್ಣಗೆ, ಬಟ್ಟೆ ಗಟ್ಟಿ ಐತಿ ಅಂದರು.

ನನಗೊಬ್ಬಳಿಗೇ ದಾರಿ ಕಾಣಲಿಲ್ಲ. ಅಲಾರಾಂ ಇಲ್ಲದೆಯೂ ನಾಲ್ಕೂವರೆಗೆ ಎಚ್ಚರ. ಎದ್ದು ಹಾಲು ಕಾಯಿಸುವುದು, ಕುಡಿಯುವವರಿಲ್ಲ. ಥರ್ಮಾಸ್ ತೊಳೆದು ಮತ್ತೆ ಬೋರಲು ಹಾಕುವುದು. ಹೊರಗೆ ಬಂದು ಗೇಟಿನ ಹತ್ತಿರ ನಿಂತರೆ ಖಾನಾಪುರದ ಬಸ್ಸು ಪೀರನವಾಡಿ ದಾಟಿ ಬೆಳಗಾವಿಯ ಕಡೆ ಹೋಗುತ್ತಿತ್ತು. ಕಿಟಕಿಯಲ್ಲಿ ಬೀರವ್ವ. ನನ್ನನ್ನು ಕಂಡರೆ ಕೈ ಬೀಸುತ್ತಿದ್ದಳು. ದಿನಾ. ಒಂದು ತಿಂಗಳು ನಾನೂ ಕೈ ಬೀಸಿದೆ, ಆಮೇಲೆ ಗೇಟಿನ ಹಿಂದೆ ಸರಿದು ನಿಲ್ಲತೊಡಗಿದೆ.

ಹಾಗೆ ನಿಂತಾಗಲೇ ಜೂನ್ ಒಂದು ನೆನಪಾಯಿತು. ಖರೆ ತಾರೀಖು ಬೇರೆ ಎಂದು ಅವಳೇ ಹೇಳಿದ್ದಾಳಲ್ಲ. ಆಟದಲ್ಲಿ ವಯಸ್ಸು ಸುಳ್ಳು ಹೇಳುವವರು ಕಡಿಮೆ ಮಾಡಿಯೇ ಹೇಳುತ್ತಾರೆ, ಚಿಕ್ಕವರ ಜೊತೆ ಆಡಿ ಗೆಲ್ಲಲಿಕ್ಕೆ. ರೇಣುಕಾಳ ತೋಳು, ಹೆಗಲು, ನಡೆ ನೋಡಿದರೆ ಹದಿನಾರರ ಹುಡುಗಿ ಅನ್ನಲು ಸಾಧ್ಯವೇ ಎಂದು ನನ್ನನ್ನು ನಾನೇ ಕೇಳಿಕೊಂಡೆ, ಇಲ್ಲ ಎಂದು ನಾನೇ ಉತ್ತರ ಕೊಟ್ಟುಕೊಂಡೆ. ನೀರು ಹೊತ್ತು, ಕುರಿ ಹಿಂದೆ ಓಡಿ ಬೆಳೆದ ಮೈ ಹಾಗೇ ಇರುತ್ತದೆ ಎಂದು ನನಗೆ ತಿಳಿಯದ್ದೇನಲ್ಲ. ಬೇಕಾಗಿದ್ದದ್ದು ತಿಳಿವಳಿಕೆ ಅಲ್ಲ. ನನ್ನ ಮಗಳನ್ನು ಆ ಹುಡುಗಿ ಮೋಸದಿಂದ ಸೋಲಿಸಿದಳು ಎಂದಾಗಬೇಕಿತ್ತು. ಆ ಬಸ್ಸಿನ ಕಿಟಕಿ ಖಾಲಿ ಆಗಬೇಕಿತ್ತು.

ಆಗಸ್ಟಿನಲ್ಲಿ, ಆಟಗಾರರನ್ನು ಆರಿಸುವ ಜಿಲ್ಲಾ ಸಮಿತಿಗೆ ಅರ್ಜಿ ಬರೆದೆ. ಅಕ್ಷರ ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ. ಒಂದು ಪುಟಕ್ಕೆ ಒಂದೂವರೆ ತಾಸು ಹಿಡಿಯಿತು. ಈ ಆಟಗಾರ್ತಿಯ ಜನ್ಮದಿನಾಂಕ ಸುಳ್ಳು, ಮಾಸ್ತರರು ಬರೆದದ್ದೆಂದು ಆಕೆಯ ತಾಯಿಯೇ ಒಪ್ಪಿಕೊಂಡಿದ್ದಾರೆ, ಮೂಳೆಯ ಪರೀಕ್ಷೆ ಮಾಡಿಸಿರಿ. ಕೆಳಗೆ, ನೊಂದ ಕ್ರೀಡಾಭಿಮಾನಿ. ಪೀರನವಾಡಿಯ ಪೆಟ್ಟಿಗೆಗೆ ಹಾಕದೆ ಊರಿನ ಆ ತುದಿಗೆ, ಹಿಂಡಲಗಾ ತನಕ ಸ್ಕೂಟರ್ ಹೊಡೆದುಕೊಂಡು ಹೋಗಿ ಅಂಚೆಗೆ ಹಾಕಿ ಬಂದೆ. ಹಿಂಡಲಗಾ ಅಂದರೆ ನಮ್ಮ ಮಂದಿಗೆ ಮೊದಲು ನೆನಪಾಗುವುದು ಜೈಲು. ನನಗೆ ಅವತ್ತು ಅದೂ ಹೊಳೆಯಲಿಲ್ಲ. ವಾಪಸು ಬರುವಾಗ ಎಷ್ಟೋ ದಿನದ ಮೇಲೆ ಹಾಡು ಗುನುಗಿದೆ.

ಸೆಪ್ಟೆಂಬರಿನಲ್ಲಿ ಪರೀಕ್ಷೆ ನಮ್ಮ ಆಸ್ಪತ್ರೆಗೇ ಬಂತು. ನಾನು ನಿರೀಕ್ಷಿಸಿರಲಿಲ್ಲ, ಆದರೆ ಬೇಡ ಎಂದೂ ಅನ್ನಲಿಲ್ಲ. ಗುರುತಿನವರ ಇಂಥ ಕೇಸು ಬಂದರೆ ಡಾಕ್ಟರಿಗೆ ಹೇಳಿ ಬೇರೆ ತಂತ್ರಜ್ಞರಿಗೆ ಬಿಟ್ಟುಕೊಡಬೇಕು. ಇನ್ನೊಬ್ಬ ತಂತ್ರಜ್ಞ ಬಾಜು ಕೋಣೆಯಲ್ಲೇ ಇದ್ದ. ನಾನು ರೇಣುಕಾಳ ಹೆಸರಿದ್ದ ಪರೀಕ್ಷೆಯ ಚೀಟಿಯನ್ನು ನನ್ನ ಕಿಸೆಯಲ್ಲಿ ಇಟ್ಟುಕೊಂಡೆ.

ಪರೀಕ್ಷೆ ಏನೆಂದು ಹೇಳುತ್ತೇನೆ. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗೂ ನಡುಭಾಗಕ್ಕೂ ಮಧ್ಯೆ ಮೆತ್ತನೆಯ ಒಂದು ಪದರ ಇರುತ್ತದೆ. ಅದು ಎಕ್ಸ್-ರೇಯಲ್ಲಿ ಮೂಡುವುದಿಲ್ಲ, ಆ ಜಾಗ ಕಪ್ಪು ಗೆರೆಯಾಗಿ ಕಾಣುತ್ತದೆ. ಬೆಳವಣಿಗೆ ಮುಗಿಯುತ್ತ ಬಂದ ಹಾಗೆ ಗೆರೆ ಸಣ್ಣದಾಗಿ, ಕೊನೆಗೆ ಕೂಡಿಕೊಂಡುಬಿಡುತ್ತದೆ. ಎಡಗೈ ಮತ್ತು ಮಣಿಕಟ್ಟಿನ ಫಿಲ್ಮು ತೆಗೆದು, ಆ ಗೆರೆಗಳನ್ನು ನೋಡಿ ಡಾಕ್ಟರು ವಯಸ್ಸಿನ ಅಂದಾಜು ಕೊಡುತ್ತಾರೆ. ಗೆರೆ ಮುಚ್ಚಿದ್ದರೆ ರೇಣುಕಾ ಆಟದಿಂದ ಹೊರಗೆ; ಹಿಂದಿನ ಗೆಲುವುಗಳೂ ರದ್ದು. ಗೆರೆ ತೆರೆದಿದ್ದರೆ ಅರ್ಜಿ ಕಸದ ಬುಟ್ಟಿಗೆ.

ತಾಯಿ ಮಗಳು ಇಬ್ಬರೂ ಬಂದರು, ಜೊತೆಗೆ ತರಬೇತುದಾರೆ. ಬೀರವ್ವ ಹೆದರಿದ್ದಳು. ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ನನ್ನ ಬಿಳಿ ಕೋಟು ಕಂಡ ಕೂಡಲೇ ಆಕೆಯ ಮುಖ ಬಿಚ್ಚಿತು.

“ಅಕ್ಕಾರ ಅದಾರಲ್ಲ. ಇನ್ನ ಚಿಂತಿಲ್ಲ,” ಎಂದು ಮಗಳನ್ನು ನನ್ನ ಕೈಗೆ ಒಪ್ಪಿಸಿ ಹೊರಗೆ ಕುಳಿತಳು.

ರೇಣುಕಾಳ ಎಡಗೈಯನ್ನು ಸಪಾಟಾಗಿ ಇರಿಸಿ, ಬೆರಳು ಬಿಡಿಸಿ, ಮೂಲೆಯಲ್ಲಿ ಎಸ್ ಇಟ್ಟು ಮೊದಲ ಫಿಲ್ಮು ತೆಗೆದೆ. ಪರದೆಯ ಮೇಲೆ ಮೂಡಿತು. ಮಣಿಕಟ್ಟಿನಲ್ಲಿ ಕಪ್ಪು ಗೆರೆ. ಬೆರಳುಗಳ ಬುಡದಲ್ಲೂ ಗೆರೆ. ತೆಳು ಗೆರೆಯಲ್ಲ, ಎಳೆಯ ಮಕ್ಕಳ ಹಾಗೆ ಅಗಲವಾದ, ಸ್ವಚ್ಛ ಗೆರೆ. ಅದನ್ನು ಓದಲು ಡಾಕ್ಟರು ಬೇಕಿರಲಿಲ್ಲ. ಆ ಹುಡುಗಿಯ ಮೂಳೆ ಕೂಡ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿದೆ ಅನ್ನಿಸಿತು.

ಆಮೇಲೆ ನಾನು ಮಾಡಿದ್ದನ್ನು ಇವತ್ತಿನ ತನಕ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಆ ಚಿತ್ರವನ್ನು, ಕೈ ಅಲುಗಾಡಿದೆ ಎಂಬ ಕಾರಣ ಹಾಕಿ ತಿರಸ್ಕರಿಸಿದೆ. ಮತ್ತೊಮ್ಮೆ ತೆಗೆಯಬೇಕು ಎಂದೆ. ಹೆಬ್ಬೆರಳಿನ ಕೆಳಗೆ ಹತ್ತಿಯ ಸಣ್ಣ ದಿಂಬು ತುರುಕಿ ಮಣಿಕಟ್ಟನ್ನು ಓರೆ ಮಾಡಿದೆ. ಓರೆಯಾದರೆ ಮೂಳೆಯ ಮೇಲೆ ಮೂಳೆ ಬಂದು ಗೆರೆ ಮುಚ್ಚಿಹೋಗುತ್ತದೆ.

“ಮಾವಶಿ, ಮೊದಲ ಸಪಾಟ ಇತ್ತಲ್ಲ. ಈಗ ಓರೆ ಆತು,” ಎಂದಳು ರೇಣುಕಾ.

ಸುಮ್ಮನಿರು ಎಂದೆ. ಎರಡನೆಯ ಫಿಲ್ಮು ತೆಗೆದೆ. ಕೈಗೆ ಬೀಳುವ ಕಿರಣ ಬಹಳ ಕಡಿಮೆ, ಅದರಿಂದ ಅಪಾಯವೇನೂ ಇಲ್ಲ. ಆದರೆ ಬೇಡದ ಕಿರಣ ಒಂದೇ ಸಲವೂ ಹಾಯಿಸಬಾರದು ಎನ್ನುವುದು ನಮ್ಮ ವೃತ್ತಿಯ ಒಂದನೇ ಪಾಠ. ನಾನು ಒಂದು ಮಗುವಿನ ಕೈಯಲ್ಲಿ ನನ್ನ ಸೇಡನ್ನು ಹಾಯಿಸಿದೆ.

ನಮ್ಮ ರೇಡಿಯಾಲಜಿ ಡಾಕ್ಟರು ಧಾರವಾಡ ಕಡೆಯವರು, ಮಾತು ಕಡಿಮೆ. ಆ ಓರೆ ಫಿಲ್ಮನ್ನು ದಿಟ್ಟಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬೈಯಲಿಲ್ಲ.

“ಶಾರದಾಬಾಯಾರ, ನಿಮ್ಮ ಫಿಲ್ಮು ಎರಡನೇ ಸಲ ತಗೀರಿ ಅಂತ ನಾ ಎಂದೂ ಹೇಳಿಲ್ಲ. ಇದು ಖರೇನ ನೀವು ತಗದದ್ದೇನು?”

ಮೂಲೆಯಲ್ಲಿ ನನ್ನ ಎಸ್ ಬೆಳ್ಳಗೆ ಹೊಳೆಯುತ್ತಿತ್ತು. ಅಲ್ಲಿಯೂ ನಾನು ಅದನ್ನು ಇಡುವುದು ಮರೆತಿರಲಿಲ್ಲ. ಕೈಗೆ ಅಷ್ಟು ರೂಢಿ. ಆಗ ನನ್ನೊಳಗೆ ಧರ್ಮ ಎಚ್ಚರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಚ್ಚರವಾದದ್ದು ಸೊಕ್ಕು. ಕಲಿಯುವ ಹುಡುಗರು ಕೂಡ ತೆಗೆಯದಂಥ ಫಿಲ್ಮಿಗೆ ನನ್ನ ಅಕ್ಷರ ಬಿದ್ದಿತ್ತು, ಅದನ್ನು ನೋಡಿ ಆ ಡಾಕ್ಟರ ಮುಖದಲ್ಲಿ ಕನಿಕರ ಇತ್ತು. ಬೀರವ್ವನ ಮಗಳನ್ನು ಕೆಡವಲು ನನ್ನ ಇಪ್ಪತ್ತೊಂಬತ್ತು ವರ್ಷ ಕೆಡವಿಕೊಳ್ಳುವುದೇ ಎಂದು ಸಿಟ್ಟು ಬಂತು. ಮೊದಲಿನದು ಇದೆ ಸರ್, ತಪ್ಪಿ ತಿರಸ್ಕರಿಸಿದೆ ಎಂದು ಹೇಳಿ, ಯಂತ್ರದಲ್ಲಿ ಉಳಿದಿದ್ದ ಆ ಚಿತ್ರವನ್ನು ತೆಗೆದುಕೊಟ್ಟೆ. ಅವರು ಕ್ಷಣಮಾತ್ರ ನನ್ನ ಮುಖ ನೋಡಿದರು. ಆಮೇಲೆ ವರದಿ ಬರೆದರು: ದಾಖಲೆಯಲ್ಲಿರುವ ವಯಸ್ಸಿಗಿಂತ ಹೆಚ್ಚು ಕಾಣುವುದಿಲ್ಲ, ಕಡಿಮೆ ಇರುವ ಸಂಭವವೇ ಹೆಚ್ಚು.

ಕಡಿಮೆ ಎಂಬ ಆ ಒಂದು ಶಬ್ದ ಮುಂದಿನದನ್ನೆಲ್ಲ ಮಾಡಿತು. ಸಮಿತಿಯವರು ಹುಟ್ಟಿದ ದಾಖಲೆ ತನ್ನಿರಿ ಎಂದರು. ಬೀರವ್ವ ಖಾನಾಪುರದ ಆಸ್ಪತ್ರೆಯ ಹಳೆಯ ಜನನ ರಿಜಿಸ್ಟರಿನ ಉತಾರ, ಅಂದರೆ ನಕಲು, ತೆಗೆಸಿದಳು. ರೇಣುಕಾ ಹುಟ್ಟಿದ್ದು ೨೦೦೯ರ ಜನವರಿಯಲ್ಲಿ. ಶಾಲೆಯಲ್ಲಿ ಇದ್ದದ್ದು ೨೦೦೭ರ ಜೂನ್ ಒಂದು. ೨೦೦೯ರಲ್ಲಿ ನಾನು ಆ ಆಸ್ಪತ್ರೆಯಲ್ಲೇ ಇದ್ದೆ. ಆ ಮಗು ಹುಟ್ಟಿ ಅತ್ತಾಗ ನಾನು ನಾಲ್ಕು ಕೋಣೆ ಆಚೆ ಯಾರದೋ ಕಾಲಿನ ಫಿಲ್ಮು ತೊಳೆಯುತ್ತಿದ್ದಿರಬೇಕು.

ಸುದ್ದಿ ತಂದವಳು ನನ್ನ ಮಗಳು. ಜೂಡೋ ಗೆಳತಿಯರಿಂದ ಕೇಳಿಕೊಂಡು ನಗುತ್ತ ಒಳಗೆ ಬಂದಳು. ತನಗಿಂತ ಸುಮಾರು ಮೂರು ವರ್ಷ ಸಣ್ಣವಳು, ಹದಿನಾಲ್ಕರ ಹುಡುಗಿ, ತನ್ನನ್ನು ಹಾಗೆ ಎತ್ತಿ ಒಗೆದಳಲ್ಲ ಎಂದು ಆಕೆಗೆ ನಗು ತಡೆಯಲಾಗಲಿಲ್ಲ. ಮಗಳು ಮೋಸಕ್ಕೆ ಸೋತಳು ಎಂದು ಸಾಧಿಸಲು ಹೋಗಿ, ಕೂಸಿನ ಕೈಯಲ್ಲಿ ಸೋತಳು ಎಂದು ಜಿಲ್ಲೆಗೆಲ್ಲ ಸಾರಿಸಿದ್ದೆ. ನಗುವುದಕ್ಕೆ ನಾಚಿಕೆ ಆಗುವುದಿಲ್ಲವೇ ಎಂದು ಮಗಳ ಮೇಲೆ ಹರಿಹಾಯ್ದೆ. ಆಕೆಯ ನಗು ನಿಂತಿತು. ನನ್ನ ಎದುರು ಕುಳಿತು ಮೆಲ್ಲಗೆ ಕೇಳಿದಳು.

“ಅವ್ವಾ, ನಾ ಆಟ ಬಿಟ್ಟು ಮೂರು ತಿಂಗಳಾತು. ನೀ ಯಾವಾಗ ಬಿಡಾಕಿ?”

ಸಾಸಿವೆ ಸಿಡಿಯುತ್ತಿತ್ತು, ಒಲೆಯ ಕಡೆ ತಿರುಗಿದೆ.

ನವೆಂಬರಿನ ಒಂದು ಭಾನುವಾರ ಬೀರವ್ವ ಖಾನಾಪುರದ ಬಸ್ಸಿನಿಂದ ಪೀರನವಾಡಿಯಲ್ಲಿ ಇಳಿದು ನಮ್ಮ ಮನೆಗೆ ಬಂದಳು. ಯಜಮಾನರು ಮಾಳಿಗೆಯ ಮೇಲಿನಿಂದ, ಬರ್ರಿ, ಕುಂದರ್ರಿ ಎಂದರು. ಆಕೆ ಕೂಡಲಿಲ್ಲ. ಬಾಗಿಲ ಹತ್ತಿರವೇ ನಿಂತು, ಮಾಸ್ತರರು ಹಾಗೆ ಯಾಕೆ ಬರೆದರು ಎಂಬುದನ್ನು ನಿಧಾನವಾಗಿ ಹೇಳಿದಳು. ರೇಣುಕಾ ಶಾಲೆ ಸೇರಿದ ವರ್ಷ ಗಂಡ ಹೆಂಡತಿ ಇಬ್ಬರೂ ಕುರಿಯ ಹಿಂದೆ ಹೊರಡಬೇಕಿತ್ತು. ದೊಡ್ಡ ಮಗಳು ಶಾಲೆಗೆ ಹೋಗುತ್ತಿದ್ದಳು, ಸಣ್ಣವಳನ್ನು ನೋಡಿಕೊಳ್ಳಲು ಕಣ್ಣು ಮಂಜಾದ ಮುದುಕಿಯೊಬ್ಬಳೇ. ಅಕ್ಕನ ಜೊತೆ ಇವಳೂ ಶಾಲೆಯಲ್ಲಿ ಕುಳಿತಿರಲಿ ಎಂದು ಮಾಸ್ತರರು ನಾಲ್ಕೂವರೆ ವರ್ಷದ ಕೂಸಿನ ವಯಸ್ಸು ಏರಿಸಿ ಒಂದನೇ ಈಯತ್ತೆಗೆ ಹಾಕಿಕೊಂಡರು. ಕುರಿ ಮಂದಿಯ ಎಷ್ಟೋ ಮಕ್ಕಳು ಹೀಗೇ ಶಾಲೆ ಸೇರಿದವರು. ಖರೆ ಹೇಳಬೇಕೆಂದರೆ ಇದು ನನಗೆ ಹೊಸದಲ್ಲ. ಜೂನ್ ಒಂದಕ್ಕೆ ಮಾಸ್ತರರು ವಯಸ್ಸು ಏರಿಸುವುದೇ ಹೆಚ್ಚು ಎಂದು ನಮ್ಮ ಕಡೆಯ ಯಾರಿಗೆ ಗೊತ್ತಿಲ್ಲ? ಸಿಟ್ಟಿನಲ್ಲಿ ಆ ಅರ್ಧ ನನಗೆ ನೆನಪಾಗಲಿಲ್ಲ.

ಅರ್ಜಿ ಬರೆದವರು ಯಾರೋ ಏನೋ, ಪಾಪ ತಟ್ಟುತ್ತದೆ ಎಂದು ನಾನು ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

“ಅರ್ಜಿ ಓದಿ ಹೇಳಿದ್ರು ಅಕ್ಕಾರ. ತಾಯಿನ ಒಪ್ಪಿಕೊಂಡಾಳ ಅಂತ ಇತ್ತು. ಮಾಸ್ತರ ಬರದದ್ದು ಅಂತ ನಾ ಹೇಳಿದ್ದು ನಿಮಗೊಬ್ಬರಿಗೇ, ಆ ಕಟ್ಟಿ ಮ್ಯಾಲೆ.”

ಆಕೆ ಅಲ್ಲಿಗೇ ಬಿಡಲಿಲ್ಲ.

“ಕೈ ಯಾಕ ಓರೆ ಮಾಡಿದ್ರಿ?”

ರೇಣುಕಾ ಅದನ್ನೂ ತಾಯಿಗೆ ಹೇಳಿದ್ದಳು. ಆಕೆ ಮನಸ್ಸು ಮಾಡಿದ್ದರೆ ಮರುದಿನವೇ ಆಸ್ಪತ್ರೆಗೆ ಹೋಗಿ ನನ್ನ ನೌಕರಿಗೆ ಕುತ್ತು ತರಬಹುದಿತ್ತು. ಎರಡೂ ಚಿತ್ರ ಯಂತ್ರದಲ್ಲೇ ಇದ್ದವು. ಕಾಲು ಹಿಡಿಯಲೇ ಎಂದು ಯೋಚಿಸುತ್ತಿದ್ದಾಗ ಆಕೆ ತನ್ನ ಶಿಕ್ಷೆ ಹೇಳಿದಳು. ಡಾಕ್ಟರಿಗೆ ಹೇಳುವುದಿಲ್ಲ, ಅಕ್ಷತಾಗೂ ಹೇಳುವುದಿಲ್ಲ. ಹೊಸ ತಾರೀಖಿನಿಂದ ರೇಣುಕಾಳಿಗೆ ಆಡಲು ಎರಡು ವರ್ಷ ಹೆಚ್ಚು ಸಿಗುತ್ತದೆ, ಶಾಲೆಯ ತಾರೀಖು ತಿದ್ದಿಸಲು ವಕೀಲರೊಬ್ಬರು ಕೋರ್ಟಿಗೆ ಅರ್ಜಿ ಹಾಕಿದ್ದಾರೆ.

“ಆಕಿ ಆಡೂತನಕ ದಿನಾ ಮುಂಜಾನೆ ಕಟ್ಟಿಗೆ ನೀವ ಚಹಾ ತರಬೇಕು. ತಪ್ಪಂಗಿಲ್ಲ.”

ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ಮಾಳಿಗೆಯಿಂದ ಇಳಿದು ಬಂದ ಯಜಮಾನರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೈಯ ಮಣ್ಣು ತೊಳೆದುಕೊಂಡು, ಥರ್ಮಾಸ್ ಎಲ್ಲಿ ಇಟ್ಟಿದ್ದೀ ಎಂದು ಕೇಳಿದರು.

ಮರುದಿನ ನಾಲ್ಕೂವರೆಗೆ ಎದ್ದೆ. ಕಟ್ಟೆಯ ಮೇಲೆ ಬೀರವ್ವ ಮರದ ಆ ಬದಿಗೆ ಕುಳಿತಿದ್ದಳು. ಚಹಾ ಸುರಿದುಕೊಟ್ಟೆ. ಕುಡಿದಳು, ಕಪ್ಪನ್ನು ಬೋರಲು ಇಟ್ಟಳು, ಒಂದು ಮಾತೂ ಆಡಲಿಲ್ಲ. ಎರಡನೇ ದಿನವೂ ಹಾಗೇ. ಬೈದರೆ ಸಹಿಸಬಹುದಿತ್ತು, ಉಗುಳಿದರೆ ಒರೆಸಿಕೊಳ್ಳಬಹುದಿತ್ತು. ಅವಳು ದಿನಾ ಬಂದು, ನನ್ನ ಚಹಾ ಕುಡಿದು, ನನ್ನ ಕಡೆ ನೋಡದೆ ಎದ್ದು ಹೋಗುತ್ತಿದ್ದಳು. ನನ್ನ ಅರ್ಜಿಯಲ್ಲಿ ಒಂದು ಪುಟದ ಸೇಡು ಇತ್ತು, ಆಕೆಯದು ಎರಡು ವರ್ಷ ದಾಟಿ ನಡೆಯಿತು. ಅವಳ ಎದುರು ನಾನು ಬರೀ ಕಲಿಯುವ ಹುಡುಗಿ. ಒಂದು ದಿನ ತಡವಾಗಿ ಹೋದೆ. ಆಕೆ ಖಾಲಿ ಕಪ್ಪನ್ನು ಮುಂದಿಟ್ಟುಕೊಂಡು ಬಸ್ಸು ಬಿಟ್ಟು ಕಾಯುತ್ತಿದ್ದಳು, ಬಿಸಿಯೂಟಕ್ಕೆ ತಡವಾದರೂ ಎದ್ದಿರಲಿಲ್ಲ. ಆಮೇಲೆ ನಾನೆಂದೂ ತಡ ಮಾಡಲಿಲ್ಲ. ಆ ನಡುವೆ ಕೋರ್ಟಿನ ಆದೇಶ ಬಂತು, ರೇಣುಕಾ ಎರಡು ಸಲ ರಾಜ್ಯಮಟ್ಟದಲ್ಲಿ ಪದಕ ತಂದಳು, ನಾನು ನಿವೃತ್ತಿಯಾದೆ. ಚಹಾ ನಿಲ್ಲಲಿಲ್ಲ.

ಕೆಲಸ ನನಗೆ ಕಲಿಸಿದ್ದೇನು ಎಂದು ಆಗಾಗ ಹೊಸ ತಂತ್ರಜ್ಞರು ಕೇಳುತ್ತಾರೆ. ಕೈಯನ್ನು ಸಪಾಟಾಗಿ ಇಡಿಸಿರಿ, ಮೊದಲ ಫಿಲ್ಮೇ ಸರಿ ಬರಲಿ, ಗುರುತಿನವರು ಬಂದರೆ ಚೀಟಿಯನ್ನು ಬೇರೆಯವರಿಗೆ ಕೊಡಿರಿ ಎನ್ನುತ್ತೇನೆ. ಇನ್ನೊಂದು ಮಾತನ್ನು ಅವರಿಗೆ ಹೇಳಿಲ್ಲ, ಇಲ್ಲಿ ಹೇಳುತ್ತೇನೆ. ಸೀಸದ ಅಕ್ಷರ ಇಡದಿದ್ದರೂ ತೆಗೆದವರ ಗುರುತು ಫಿಲ್ಮಿನ ಮೇಲೆ ಬಿದ್ದೇ ಬೀಳುತ್ತದೆ. ಎಡಗೈಯಲ್ಲಿ ಬರೆದು, ಹೆಸರಿಲ್ಲದೆ, ಊರಿನ ಆಚೆ ತುದಿಗೆ ಹೋಗಿ ಹಾಕಿದ ಕಾಗದದಲ್ಲೂ ನನ್ನ ಎಸ್ ಇತ್ತು.

ಈ ವರ್ಷ ರೇಣುಕಾಳಿಗೆ ಕೊನೆಯ ವರ್ಷ. ಹೋದ ವಾರ ಜೂಡೋ ಹಾಲ್‌ನೊಳಗಿನಿಂದ ಆಕೆ ಬೀಳುವ, ಏಳುವ ಸಪ್ಪಳ ಕೇಳುತ್ತಿತ್ತು. ಬೀರವ್ವ ಚಹಾ ಕುಡಿದು ಕಪ್ಪನ್ನು ಬೋರಲು ಇಡಲಿಲ್ಲ. ಕೈಯಲ್ಲೇ ಹಿಡಿದು ತಿರುಗಿಸುತ್ತ ಕುಳಿತಳು. ಬಾಗಿಲ ಕಡೆ ನೋಡುತ್ತಲೇ ಕೇಳಿದಳು, ಎರಡೂವರೆ ವರ್ಷದ ಮೇಲೆ ಮೊದಲ ಮಾತು.

“ಮುಗದ ಮ್ಯಾಲ ನಿದ್ದಿ ಬರತೈತೇನ್ರಿ?”

ಚೊಲೋ ನಿದ್ದಿ ಆಗತೈತಿ ಎನ್ನುವ ಆಕೆಯ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಇಷ್ಟು ದಿನ ಅದನ್ನು ಹಿಂದಿರುಗಿಸುವ ಹೊತ್ತಿಗಾಗಿಯೇ ಕಾದಿದ್ದೆ. ಆಕೆಯ ಮುಖ ನೋಡಿದೆ.

“ಬರಂಗಿಲ್ಲ,” ಎಂದೆ.

ಸೇಡಿಗೆ ಹೇಳಿದೆನೋ, ಖರೆ ಹೇಳಬೇಕೆಂದು ಹೇಳಿದೆನೋ ನನಗೂ ಗೊತ್ತಿಲ್ಲ. ಬೀರವ್ವ ತಲೆ ಅಲ್ಲಾಡಿಸಿದಳು. ಆಮೇಲೆ ಇನ್ನರ್ಧ ಹಾಕು ಎನ್ನುವಂತೆ ಕಪ್ಪನ್ನು ನನ್ನ ಮುಂದೆ ಚಾಚಿದಳು.